ಬಾಲದ ಅಕ್ಷರ

"ಇಲ್ಲಿ ಯಾರು ಯಾರನ್ನ ಬಿಟ್ಟಿದ್ದು?"

ಆ ಮಾತು ಕಿವಿಗೆ ಬಿದ್ದದ್ದೇ ತಡ, ರಾಲಿತ್ಸಾ ತುಟಿಗೆ ತಂದಿದ್ದ ಕಾಫಿಯನ್ನು ಹಾಗೇ ಕೆಳಗಿಟ್ಟಳು.

ಕೇಳಿದವನು ಮೇಜಿನ ಆ ತುದಿಯಲ್ಲಿದ್ದ. ಹೆಸರು ಕಾಮೆನ್. ಶುಮೆನ್ ಪಟ್ಟಣದಿಂದ ರೂಸೆಯ ಹೈಸ್ಕೂಲಿಗೆ ವರ್ಗವಾಗಿ ಬಂದಿದ್ದ ಬಲ್ಗೇರಿಯನ್ ಭಾಷೆಯ ಮೇಷ್ಟ್ರು. ಊರಿನ ಗ್ರಂಥಾಲಯವೂ ಸಭಾಂಗಣವೂ ಆದ ಓದುಮನೆಯಲ್ಲಿ ಗುರುವಾರ ಸೇರುವ ಹವ್ಯಾಸಿ ಬರಹಗಾರರ ಕೂಟಕ್ಕೆ ಅಂದೇ ಮೊದಲ ಸಲ ಕಾಲಿಟ್ಟಿದ್ದ. ಹಸಿರು ಪೆನ್ಸಿಲ್ ಹಿಡಿದ ಅವನ ಕೈಯ ಕೆಳಗೆ ಹರಡಿಕೊಂಡಿದ್ದ ಹಾಳೆಗಳು... ಅವಳವೇ.

'ನನ್ನ ಕಥೆ ಇವನ ಕೈಗೆ ಹೇಗೆ ಬಂತು?'

"ನನ್ನನ್ನ ಹಾಗೆ ಗುರಾಯಿಸ್ಬೇಡ. ನಾನೇ ಕೊಟ್ಟೆ," ಎಂದಳು ಸ್ತೆಫ್ಕಾ ಅತ್ತೆ. ಅಂಚೆ ಕಚೇರಿಯಿಂದ ನಿವೃತ್ತಳಾದ ಮೇಲೆ ಕೂಟವನ್ನು ನಡೆಸುತ್ತಿದ್ದವಳು, ಎಲ್ಲರೂ ಅತ್ತೆ ಎನ್ನುತ್ತಿದ್ದವಳು ಅವಳೇ. "ಅಕ್ಷರಗಳ ಹಬ್ಬಕ್ಕೆ ನಮ್ಮ ಪುಸ್ತಕ ಬರ್ಬೇಕು. ಇನ್ನೊಬ್ಬರು ಓದಿ ನೋಡದ ಕಥೆ ಅಚ್ಚಿಗೆ ಹೋಗಲ್ಲ. ನೀನೋ, ಪ್ರತಿ ವರ್ಷ ಮೀನಿನ ಹಾಗೆ ನುಣುಚ್ಕೋತೀಯ."

"ನನ್ನ ಕಥೆ ನನಗೆ ಗೊತ್ತಿದೆ ಅತ್ತೆ. ಬೇರೆಯವರು ಯಾಕೆ ನೋಡ್ಬೇಕು?"

"ಗೊತ್ತಿರೋದಕ್ಕೇ ನಿಮಗೆ ಕಾಣ್ಸಲ್ಲ," ಎಂದ ಕಾಮೆನ್ ತಲೆಯೆತ್ತದೆ. "ಈ ಕೊನೇ ವಾಕ್ಯ ನೋಡಿ. ಗಂಡಸು ಅನ್ನೋ ಪದಕ್ಕೆ ಗಿಡ್ಡ ಬಾಲ ಹಾಕಿದ್ದೀರಿ."

ಬಲ್ಗೇರಿಯನ್ ಭಾಷೆಯಲ್ಲಿ ಗಂಡು ಪದಗಳ ಕೊನೆಗೆ ಅಕ್ಷರದ ಒಂದು ಬಾಲ ಇರುತ್ತದೆ. ಕೆಲಸ ಮಾಡುವವನು ಅವನೇ ಆದರೆ ಉದ್ದ ಬಾಲ. ಕೆಲಸ ಅವನ ಮೇಲೆ ನಡೆದರೆ ಗಿಡ್ಡ ಬಾಲ. ಹೆಣ್ಣು ಪದಗಳಿಗೆ ಈ ರಗಳೆ ಇಲ್ಲ. ಮಾತಾಡುವಾಗ ಎರಡೂ ಒಂದೇ ಥರ ಕೇಳುತ್ತವೆ. ಬರೆಯಲು ಕೂತಾಗ ಮಾತ್ರ ಒಳ್ಳೊಳ್ಳೆಯವರೇ ಎಡವುತ್ತಾರೆ.

"ಉದ್ದ ಬಾಲ ಇದ್ದಿದ್ದರೆ ಗಂಡಸು ಹೆಂಗಸನ್ನ ಬಸ್‌ಸ್ಟ್ಯಾಂಡಲ್ಲಿ ಬಿಟ್ಟು ಹೋದ ಅಂತ ಆಗ್ತಿತ್ತು," ಎಂದು ಅವನು ಮುಂದುವರಿಸಿದ. "ನೀವು ಬರೆದ ಹಾಗೆ ಓದಿದ್ರೆ ಗಂಡಸನ್ನೇ ಹೆಂಗಸು ಬಿಟ್ಟಳು ಅಂತ ಆಗುತ್ತೆ. ಕಥೆ ಪೂರ್ತಿ ಅವನೇ ಬಿಟ್ಟ ಅಂತಿದೆ. ಆದರೂ... ಮೊದಲನೇ ಪುಟದಲ್ಲಿ ಪೆಟ್ಟಿಗೆ ಎರಡಿವೆ. ಬಸ್ ಹತ್ತಿದ್ದು ಒಂದೇ. ಇನ್ನೊಂದು ಎಲ್ಲಿ ಹೋಯ್ತು? ಅದಕ್ಕೇ ಕೇಳಿದೆ. ಯಾರು ಯಾರನ್ನ ಬಿಟ್ಟಿದ್ದು?"

ಮೇಜಿನ ಸುತ್ತ ಸಕ್ಕರೆ ಕದಡುತ್ತಿದ್ದ ಚಮಚಗಳು ನಿಂತವು. ರಾಲಿತ್ಸಾಳ ಗಂಡ ಇವೈಲೊ ಅವಳನ್ನು ಬಿಟ್ಟು ಸ್ಪೇನಿನ ಬಸ್ ಹತ್ತಿದ ಕಥೆ ರೂಸೆಯಲ್ಲಿ ಯಾರಿಗೆ ಗೊತ್ತಿರಲಿಲ್ಲ? ಗೊತ್ತಿಲ್ಲದವನು ಆ ಹೊಸಬನೊಬ್ಬನೇ.

ಅದು ಅವಳಿಗೆ ತಿಳಿಯಬೇಕಲ್ಲ...

"ನಿಮಗೆ ಬೇಕಾಗಿರೋದು ಅಕ್ಷರ ಅಲ್ಲ ಮೇಷ್ಟ್ರೇ," ಎಂದು ಅವಳು ಹಾಳೆಗಳನ್ನು ಅವನ ಕೈ ಕೆಳಗಿಂದ ಎಳೆದುಕೊಂಡಳು. "ಊರ ಸುದ್ದಿ. ಅದಕ್ಕೆ ಕೂಟಕ್ಕೆ ಯಾಕೆ ಬರ್ತೀರಿ? ಕ್ಷೌರದಂಗಡಿಗೆ ಹೋಗಿ."

ಬಾಗಿಲು ಅವಳ ಹಿಂದೆ ಧಡ್ ಎಂದಿತು.

* * *

ಎರಡು ದಿನ ಬಿಟ್ಟು ಅವಳ ಔಷಧಿ ಅಂಗಡಿಯ ಗಂಟೆ ಕಿಣಿಗುಟ್ಟಿತು. ಕಾಮೆನ್.

"ಕೆಮ್ಮಿಗೆ ಏನಾದ್ರೂ ಕೊಡಿ."

"ಒಣ ಕೆಮ್ಮೋ, ಕಫವೋ?"

ಅವನು ತಡವರಿಸಿದ. "ಯಾವುದಾದ್ರೂ ಸರಿ."

ಅವಳು ಸಿರಪ್ಪಿನ ಬಾಟಲಿಯನ್ನು ಕುಕ್ಕಿದಳು. ಅವನು ಅದನ್ನು ಕೈಗೆತ್ತಿಕೊಂಡು, ಮೇಲಿನ ಚೀಟಿಯನ್ನು ಓದುತ್ತಿರುವವನ ಹಾಗೆ ತಲೆತಗ್ಗಿಸಿ ಹೇಳಿದ: "ನನಗೆ ನಿಜವಾಗ್ಲೂ ಗೊತ್ತಿರ್ಲಿಲ್ಲ. ಹಾಳೆ ಮೇಲೆ ಇದ್ದದ್ದನ್ನ ಮಾತ್ರ ಕೇಳಿದೆ."

"ದಿನಕ್ಕೆ ಮೂರು ಸಲ, ಊಟ ಆದ್ಮೇಲೆ," ಎಂದಳು ರಾಲಿತ್ಸಾ.

ಅವನು ಹೋದ ಮೇಲೂ ಅವಳ ಸಿಟ್ಟು ಇಳಿಯಲಿಲ್ಲ. 'ಸುಳ್ಳ. ಕೆಮ್ಮೂ ಸುಳ್ಳು, ಮಾತೂ ಸುಳ್ಳು.' ಅದೇ ಸಿಟ್ಟಿನಲ್ಲಿ ಮಧ್ಯಾಹ್ನದ ಬಿಡುವಿನಲ್ಲಿ ಕಥೆಯನ್ನು ಒಂದು ಅಕ್ಷರವೂ ಬದಲಿಸದೆ ಮೊಬೈಲಿನ ಕಥಾ ತಾಣವೊಂದಕ್ಕೆ ಏರಿಸಿಬಿಟ್ಟಳು. ಬರೆದವಳ ಹೆಸರನ್ನು ಮಾತ್ರ ಬದಲಿಸಿದಳು. ಅಲ್ಲಿ ಅವಳು ಯಾರೆಂದು ಯಾರಿಗೂ ಗೊತ್ತಿಲ್ಲ. ಇವೈಲೊ ಯಾರೆಂದೂ ಗೊತ್ತಿಲ್ಲ. ಕಥೆಯನ್ನು ಕಥೆಯಾಗಿ ಓದುವವರು ಅಲ್ಲಾದರೂ ಸಿಗಲಿ.

ಸಿಕ್ಕರು.

ವಾರ ಕಳೆಯುವುದರೊಳಗೆ ಕಥೆಯ ಕೆಳಗೆ ಓದುಗರು ಜಗಳಕ್ಕೆ ಬಿದ್ದಿದ್ದರು.

'ಪಾಪ, ಅಂಥವನನ್ನ ಕಟ್ಕೊಂಡು ಹಾಳಾದಳು.'

'ಸರಿಯಾಗಿ ಓದ್ರೀ, ಬಿಟ್ಟಿದ್ದು ಅವಳು. ಗಿಡ್ಡ ಬಾಲ ಇದೆ. ಶಭಾಷ್ ಹುಡುಗಿ.'

'ಅದು ಬರೆಯೋದರಲ್ಲಿ ತಪ್ಪಿರ್ಬೇಕು. ಯಾರ ಕೈಲಾದ್ರೂ ಒಂದು ಸಲ ಓದಿಸಬಾರದಿತ್ತಾ?'

ಕೊನೆಯಲ್ಲಿ ಕಡಲ ತೀರದ ವಾರ್ನಾದ ಯಾರೋ ಒಬ್ಬಾಕೆ ಒಂದೇ ಸಾಲು ಬರೆದಿದ್ದಳು: 'ಅದೆಲ್ಲ ಇರಲಿ, ಆ ಎರಡನೇ ಪೆಟ್ಟಿಗೆ ಯಾರದ್ದು?'

ರಾಲಿತ್ಸಾ ಸ್ಟೂಲೆಳೆದು ಕುಳಿತಳು.

ಹಾಗಾದರೆ ಅವನು ಊರ ಸುದ್ದಿ ಕೆದಕಿರಲಿಲ್ಲ. ಪ್ರಶ್ನೆ ಹಾಳೆಯ ಮೇಲೆಯೇ ಇತ್ತು. ಸಮುದ್ರದ ದಡದಲ್ಲೆಲ್ಲೋ ಕುಳಿತ, ಅವಳ ಮುಖವನ್ನೇ ಕಾಣದ ಹೆಂಗಸಿಗೂ ಅದು ಕಂಡಿತ್ತು. ಕಾಣದೇ ಇದ್ದದ್ದು ಬರೆದವಳಿಗೆ ಮಾತ್ರ.

ಎರಡನೇ ಪೆಟ್ಟಿಗೆ... ನೀಲಿ ಬಣ್ಣದ್ದು. ಅವಳದ್ದೇ.

ಬಸ್ಸಿನ ಬಾಗಿಲು ತೆರೆದಿತ್ತು. ಇವೈಲೊ ಮೆಟ್ಟಿಲ ಮೇಲಿಂದ ಕೈ ಚಾಚಿದ್ದ. "ಹತ್ತೇ, ಎಲ್ಲರೂ ಕಾಯ್ತಿದ್ದಾರೆ." ಅವನು ಕೆಟ್ಟವನೇನೂ ಅಲ್ಲ. ಆದರೆ ಆ ಕೈ ಹಿಡಿದು ಹತ್ತಬೇಕೆಂದು ಅವಳಿಗೆ ಅನ್ನಿಸಲೇ ಇಲ್ಲ. ನೀಲಿ ಪೆಟ್ಟಿಗೆಯ ಹಿಡಿಯನ್ನು ಬಿಗಿಯಾಗಿ ಹಿಡಿದು ನಿಂತೇ ಇದ್ದಳು. ಬಸ್ ಹೊರಟಿತು.

ಊರಿನವರು "ಪಾಪ, ಬಿಟ್ಟು ಹೋದ" ಎಂದರು. ಅವಳು ಅಲ್ಲಗಳೆಯಲಿಲ್ಲ. ಕರುಣೆಯ ಒಳಗೆ ಬೆಚ್ಚಗಿತ್ತು... ಹೇಳುತ್ತ ಹೇಳುತ್ತ ತಾನೂ ಅದನ್ನೇ ನಂಬಿಬಿಟ್ಟಿದ್ದಳು. ಕೈ ಮಾತ್ರ ನಂಬಿರಲಿಲ್ಲ. ಗಿಡ್ಡ ಬಾಲ ಬರೆದಿತ್ತು.

* * *

ಶಾಲೆ ಬಿಟ್ಟ ಮೇಲೆ ಖಾಲಿ ತರಗತಿಯಲ್ಲಿ ಕಾಮೆನ್ ಬೋರ್ಡ್ ಒರೆಸುತ್ತಿದ್ದ. ರಾಲಿತ್ಸಾ ಬಾಗಿಲಲ್ಲೇ ನಿಂತು ಹೇಳಿದಳು:

"ಉದ್ದ ಬಾಲ ಬೇಡ. ಗಿಡ್ಡದ್ದೇ ಸರಿ."

ಅವನು ತಿರುಗಿ ಅವಳನ್ನೇ ನೋಡಿದ. ಯಾಕೆ ಎಂದು ಕೇಳಲಿಲ್ಲ. "ಹಾಗಿದ್ರೆ ಕೊನೇ ವಾಕ್ಯ ಒಂದೇ ಸರಿ. ಮಿಕ್ಕಿದ್ದೆಲ್ಲ ತಪ್ಪು," ಎಂದ ಮೆಲ್ಲಗೆ.

ಅವಳಿಗೆ ನಗು ಬಂತು. ನಗುವಿನ ಹಿಂದೆಯೇ ಕಣ್ಣೂ ತುಂಬಿತು. "ಹೌದು. ಕೂತು ನೋಡೋಣ್ವಾ?"

ಆಮೇಲಿನ ಭಾನುವಾರಗಳೆಲ್ಲ ಡ್ಯಾನ್ಯೂಬ್ ದಂಡೆಯ ಮಿಠಾಯಿ ಅಂಗಡಿಯಲ್ಲಿ ಕಳೆದವು. ನಡುವೆ ಒಂದು ತಟ್ಟೆ ಚೀಸ್ ತುಂಬಿದ ಬಾನಿತ್ಸಾ, ಎರಡು ಲೋಟ ಧಾನ್ಯದ ಸಿಹಿಹುಳಿ ಪಾನೀಯ ಬೊಜಾ, ಎಣ್ಣೆಯ ಕಲೆ ಬಿದ್ದ ಹಾಳೆಗಳು. ರಾಲಿತ್ಸಾ ಗಮನಿಸಿದಳು: ಕಾಮೆನ್ ಅವಳ ಒಂದು ಪದವನ್ನೂ ಹೊಡೆದುಹಾಕುವುದಿಲ್ಲ. ತನ್ನ ಪದವನ್ನು ತುರುಕುವುದಿಲ್ಲ. ಸಂಶಯ ಬಂದ ಕಡೆ ಹಸಿರು ಪೆನ್ಸಿಲಿನಿಂದ ಒಂದು ಪುಟ್ಟ ಪ್ರಶ್ನಾರ್ಥಕ ಚಿಹ್ನೆ, ಅಷ್ಟೆ.

"ಮಕ್ಕಳ ಪರೀಕ್ಷೆ ಪೇಪರಿಗೂ ಹೀಗೇನಾ?"

"ಇಲ್ಲ. ಅಲ್ಲಿ ಕೆಂಪು ಶಾಯಿ, ಕಸಾಯಿ ಕೈ."

"ಮತ್ತೆ ನನಗೆ ಯಾಕೆ ಈ ರಿಯಾಯಿತಿ?"

ಅವನು ಬೊಜಾ ಲೋಟವನ್ನು ತಿರುಗಿಸುತ್ತ ಕುಳಿತ. "ಕಾಲೇಜಲ್ಲಿದ್ದಾಗ ಒಂದು ಕಥೆ ಬರೆದಿದ್ದೆ. ಗೆಳೆಯನಿಗೆ ಓದೋಕೆ ಕೊಟ್ಟೆ. ಜಾಣ ಅವನು. ಎಷ್ಟು ಚೆನ್ನಾಗಿ ತಿದ್ದಿಕೊಟ್ಟ ಅಂದ್ರೆ, ಅದಕ್ಕೆ ಬಹುಮಾನಾನೂ ಬಂತು. ವೇದಿಕೆ ಮೇಲೆ ನಿಂತು ಓದ್ತಾ ಓದ್ತಾ ಹುಡುಕಿದೆ... ಅದರಲ್ಲಿ ನಾನೆಲ್ಲೂ ಇರ್ಲಿಲ್ಲ."

"ಆಮೇಲೆ?"

"ಬರೀತೀನಿ. ಯಾರಿಗೂ ತೋರಿಸಲ್ಲ."

ರಾಲಿತ್ಸಾ ಲೋಟ ಕೆಳಗಿಟ್ಟಳು. "ನಮ್ಮೆಲ್ಲರ ಕಥೇನೂ ಓದ್ತೀರಿ. ಇನ್ನೊಬ್ಬರ ಕಣ್ಣು ಬೇಕೇ ಬೇಕು ಅಂತ ಕೂಟದಲ್ಲಿ ಪಾಠ ಬೇರೆ. ನಿಮ್ಮದು ಮಾತ್ರ ಪೆಟ್ಟಿಗೇಲಿ?"

"ಅದು ಬೇರೆ ವಿಷಯ."

"ಏನೂ ಬೇರೆ ಅಲ್ಲ. ಅವನು ನಿಮ್ಮನ್ನ ಅಳಿಸಿದ, ಸರಿ. ನಾನು ಅವನಲ್ಲ. ನಾನು ಕೇಳ್ತೀನಿ, ಅಳಿಸಲ್ಲ. ಆ ಥರ ಓದೋದನ್ನ ನಿಮ್ಮಿಂದಾನೇ ಕಲ್ತಿದ್ದು."

ಅವನು ಕಿಟಕಿಯಾಚೆ ನದಿಯನ್ನು ನೋಡಿದ. ದೋಣಿಯೊಂದು ದಾಟಿ ಹೋಯಿತು. ಅವನು ಅವಳ ಹಾಳೆಗಳನ್ನು ಜೋಡಿಸಿಟ್ಟು ಪೆನ್ಸಿಲನ್ನು ಜೇಬಿಗೆ ಸೇರಿಸಿದ.

"ನನ್ನ ಪೆಟ್ಟಿಗೆ ತೆರೆಸಿದ್ರಿ," ಎಂದು ಅವಳು ಕೋಟು ಹಾಕಿಕೊಂಡಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವನಿಗೆ ಹೆಚ್ಚು ನೋವಾಗುವಂತಿತ್ತು. "ನಿಮ್ಮದಕ್ಕೆ ಬೀಗ ಹಾಕ್ಕೊಂಡೇ ಕೂತ್ರೆ, ನಾವಿಬ್ರೂ ಇಲ್ಲಿ ಏನ್ ಮಾಡ್ತಿದ್ದೀವಿ ಮೇಷ್ಟ್ರೇ? ಇನ್ನು ನಾನು ಬರಲ್ಲ."

ಮುಂದಿನ ಭಾನುವಾರ ಅವಳು ಹೋಗಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಅಂಗಡಿಯ ಗಂಟೆ ಕಿಣಿಗುಟ್ಟಿದಾಗಲೆಲ್ಲ ಕತ್ತು ಬಾಗಿಲಿನತ್ತ ತಿರುಗುತ್ತಿತ್ತು. ಬರುತ್ತಿದ್ದದ್ದು ರಕ್ತದೊತ್ತಡದ ಮಾತ್ರೆಗೆಂದು ಸ್ತೆಫ್ಕಾ ಅತ್ತೆ.

"ಏನೇ, ಆ ಮೇಷ್ಟ್ರ ಕೆಮ್ಮು ವಾಸಿಯಾಯ್ತಾ? ವಾರವಾರ ಬಾಟಲಿ ಒಯ್ತಿದ್ದ. ಈಗ ಕಾಣೋದೇ ಇಲ್ಲ."

"ವಾಸಿಯಾಗಿರ್ಬೇಕು ಅತ್ತೆ."

"ಮತ್ತೆ ನಿನಗ್ಯಾಕೆ ಮುಖ ಸಪ್ಪಗೆ? ಆ ಕೆಮ್ಮು ನಿನಗೆ ಅಂಟ್ಕೊಂಡ್ತೇನೋ."

* * *

ತಮ್ಮ ಲಿಪಿಯನ್ನು ನಾಡೇ ಕೊಂಡಾಡುವ ಅಕ್ಷರಗಳ ಹಬ್ಬದ ದಿನ ಬೀದಿಯ ತುಂಬ ಹೂವು. ಶಾಲೆಗಳ ಮೆರವಣಿಗೆ ಮುಗಿದು ಓದುಮನೆಯ ಸಭಾಂಗಣ ತುಂಬಿತ್ತು. ಕೂಟದ ಪುಸ್ತಕ ಬಿಡುಗಡೆಯಾಯಿತು. ರಾಲಿತ್ಸಾಳ ಹೆಸರು ಕರೆದರು.

ಹೊಸದಾಗಿ ಬರೆದ ಕಥೆಯನ್ನು ಅವಳು ಓದಿದಳು. ಪೆಟ್ಟಿಗೆ ಎರಡು. ಮೆಟ್ಟಿಲ ಮೇಲಿಂದ ಚಾಚಿದ ಕೈ. ಹತ್ತದೆ ನಿಂತ ಹೆಂಗಸು. ಕೊನೆಯ ವಾಕ್ಯ ಬಂದಾಗ ಅವಳಿಗೆ ಥಟ್ಟನೆ ಹೊಳೆಯಿತು: ಬಾಯಲ್ಲಿ ಹೇಳಿದರೆ ಬಾಲ ಕೇಳಿಸುವುದಿಲ್ಲ. ಈಗಲೂ ಅಡಗಿಕೊಳ್ಳಬಹುದು...

ಅವಳು ತಲೆಯೆತ್ತಿದಳು. "ಇಲ್ಲಿ ಗಿಡ್ಡ ಬಾಲ ಇದೆ," ಎಂದಳು ಸ್ಪಷ್ಟವಾಗಿ. "ಬಿಟ್ಟವಳು ಅವಳೇ."

ಸಭೆಯಲ್ಲಿ ಗುಸುಗುಸು ಎದ್ದಿತು. ಸ್ತೆಫ್ಕಾ ಅತ್ತೆ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದಳು. ಅಷ್ಟು ವರ್ಷದ 'ಪಾಪ' ಹೆಗಲಿಂದ ಇಳಿದ ಹಾಗಾಯಿತು ರಾಲಿತ್ಸಾಳಿಗೆ.

ಹೊರಗೆ ಮೆಟ್ಟಿಲ ಮೇಲೆ ಕಾಮೆನ್ ಕಾಯುತ್ತಿದ್ದ. ಮಕ್ಕಳು ಕೊಟ್ಟ ಹೂಗೊಂಚಲುಗಳೆಲ್ಲ ಕಂಕುಳಲ್ಲಿ ನಲುಗಿದ್ದವು. ಕೈಯಲ್ಲಿ ಮಡಚಿದ ಹಾಳೆಗಳು.

"ಒಂದು ಕಥೆ ಇದೆ," ಎಂದ. "ಯಾರಿಗಾದ್ರೂ ತೋರಿಸ್ಬೇಕು ಅನ್ನಿಸ್ತು. ಯಾರಿಗಾದ್ರೂ ಅಂದ್ರೆ... ನಿಮಗೆ."

ಅವಳು ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಓದಿದಳು. ಕೆಮ್ಮಿಲ್ಲದೆ ವಾರವಾರ ಕೆಮ್ಮಿನ ಔಷಧಿ ಕೊಳ್ಳುವ ಮೇಷ್ಟ್ರೊಬ್ಬನ ಕಥೆ. ಕಪಾಟಿನ ತುಂಬ ಬಾಟಲಿ. ಒಂದನ್ನೂ ಬಿಚ್ಚಿಲ್ಲ. ಅಲ್ಲಲ್ಲಿ ವಾಕ್ಯಗಳು ಉದ್ದವಾಗಿದ್ದವು, ಎರಡು ಕಡೆ ಅಲ್ಪವಿರಾಮ ಬಿಟ್ಟುಹೋಗಿತ್ತು. ಭಾಷೆಯ ಮೇಷ್ಟ್ರಿಗೂ. ಅದನ್ನು ಕಂಡು ಅವಳ ಎದೆ ಯಾಕೋ ಮೆತ್ತಗಾಯಿತು.

ಕಡೆಯ ಸಾಲಿನಲ್ಲಿ ಮೂರೇ ಪದ. ಮೇಷ್ಟ್ರು. ಪ್ರೀತಿ. ಔಷಧಿ ಅಂಗಡಿಯವಳು. ಆದರೆ ಮೇಷ್ಟ್ರು ಎಂಬ ಪದಕ್ಕೆ ಬಾಲವೇ ಇರಲಿಲ್ಲ. ಅಲ್ಲಿ ಖಾಲಿ ಜಾಗ.

"ಇಲ್ಲಿ ಒಂದು ಅಕ್ಷರ ಬಿಟ್ಟಿದ್ದೀರಿ."

"ಗೊತ್ತು."

"ಉದ್ದ ಬಾಲ ಹಾಕಿದ್ರೆ ಮೇಷ್ಟ್ರು ಅವಳನ್ನ ಪ್ರೀತಿಸ್ತಾನೆ."

"ಅದು ನನಗೆ ಮೊದಲಿಂದ್ಲೂ ಗೊತ್ತಿರೋದು." ಅವನು ಪಕ್ಕದಲ್ಲಿ ಕುಳಿತ. "ಗಿಡ್ಡ ಬಾಲ ಹಾಕಿದ್ರೆ... ಅದನ್ನ ಬರೆಯೋ ಹಕ್ಕು ನನಗಿಲ್ಲ. ಅದಕ್ಕೇ ಇನ್ನೊಬ್ಬರ ಕೈಗೆ ಕೊಡ್ಬೇಕಾಯ್ತು."

ರಾಲಿತ್ಸಾ ಅವನ ಅಂಗಿಯ ಜೇಬಿನಿಂದ ಹಸಿರು ಪೆನ್ಸಿಲನ್ನು ತೆಗೆದುಕೊಂಡಳು. ಹಾಳೆಯನ್ನು ಮೊಣಕಾಲ ಮೇಲಿಟ್ಟು ಆ ಖಾಲಿ ಜಾಗದಲ್ಲಿ ಬರೆದಳು. ಗಿಡ್ಡ ಬಾಲ.

ಅವನು ಓದಿದ. ಇನ್ನೊಮ್ಮೆ ಓದಿದ.

"ಇದು ನನ್ನ ವಾಕ್ಯ," ಎಂದಳು ಅವಳು, ಪೆನ್ಸಿಲನ್ನು ಅವನ ಬೆರಳುಗಳ ನಡುವೆ ಇಡುತ್ತ. "ನಿಂದು ಕೆಳಗಡೆ ಬರ್ಕೋ."

'ನಿಂದು' ಎಂದದ್ದು ಇಬ್ಬರಿಗೂ ಕೇಳಿಸಿತು.

ಅವನು ಅದೇ ಮೂರು ಪದಗಳನ್ನು ಕೆಳಗೆ ಬರೆದ, ಉದ್ದ ಬಾಲ ಹಾಕಿ. ಬರೆದು, ತರಗತಿಯ ಹುಡುಗನ ಹಾಗೆ ಹಾಳೆಯನ್ನು ಅವಳತ್ತ ಸರಿಸಿದ.

"ತಪ್ಪೇನಾದ್ರೂ ಇದೆಯಾ ನೋಡು."

"ಎರಡು ಅಲ್ಪವಿರಾಮ ಬಿಟ್ಟಿದ್ದೀಯ," ಎಂದಳು ರಾಲಿತ್ಸಾ, ಅವನ ಭುಜಕ್ಕೆ ತಲೆಯೊರಗಿಸುತ್ತ. "ಅವು ನಾಳೆಗೆ ಇರಲಿ."