ಜಕ್ಕವ್ವೆಯ ಮೂರು ಜೊತೆ ಮೆಟ್ಟು

ಬಹಳ ಹಿಂದೆ, ಮೋಡಗಳು ಬೆಟ್ಟದ ಮೇಲೆ ಕೂತು ದಣಿವಾರಿಸಿಕೊಳ್ಳುತ್ತಿದ್ದ ಕಾಲದಲ್ಲಿ, ಬೆಳ್ನಾಡು ಎಂಬ ರಾಜ್ಯವಿತ್ತು. ವರ್ಷದಲ್ಲಿ ಹತ್ತು ತಿಂಗಳು ಅಲ್ಲಿ ಹಿಮ. ಸುಮ್ಮನೆ ಹೆಜ್ಜೆಯಿಟ್ಟರೆ ಸೊಂಟದವರೆಗೆ ಹೂತುಹೋಗುವಷ್ಟು ಹಿಮ. ಅದಕ್ಕೇ ಜನ ಬೆತ್ತ ಬಗ್ಗಿಸಿ, ನಡುವೆ ತೊಗಲಿನ ಪಟ್ಟಿ ಹೆಣೆದ ಅಗಲವಾದ ಹಿಮಮೆಟ್ಟುಗಳನ್ನು ಕಾಲಿಗೆ ಕಟ್ಟಿಕೊಂಡು ಓಡಾಡುತ್ತಿದ್ದರು.

ಆದರೆ ಆ ನಾಡಿನಲ್ಲಿ ಮೆಟ್ಟಿನ ಅಳತೆಯನ್ನು ಹಿಮ ನೋಡಿ ಆರಿಸುತ್ತಿರಲಿಲ್ಲ, ಮರ್ಯಾದೆ ನೋಡಿ ಆರಿಸುತ್ತಿದ್ದರು. ರಾಜನ ಮನೆಯವರಿಗೆ ಮೊರದಗಲದ್ದು, ಮಂತ್ರಿಗೆ ತಟ್ಟೆಯಗಲದ್ದು, ಉಳಿದವರಿಗೆ ಅಂಗೈಗಿಂತ ತುಸು ದೊಡ್ಡದು. ಸಣ್ಣವರು ಹೂತುಕೊಳ್ಳುತ್ತಿದ್ದರು, ದೊಡ್ಡವರು ಜಾರಿ ಬೀಳುತ್ತಿದ್ದರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುತ್ತಾರಲ್ಲ, ಅಲ್ಲಿ ಮಣ್ಣಾದರೂ ಎಲ್ಲಿತ್ತು!

ಒಂದು ದಿನ ಬೆಟ್ಟದ ತುದಿಯ, ಬಿಸಿ ಕಂಡರಾಗದ ಮಾಂತ್ರಿಕ ಶೀತಕೇತು ಅರಮನೆಯ ಕೆಂಡದ ಮಡಕೆಯನ್ನು ಕದ್ದೊಯ್ದ. ನಾಡಿನ ಬೆಂಕಿಯೆಲ್ಲ ಆ ಕೆಂಡದ ಮಕ್ಕಳು. ಮನೆಮನೆಯ ಒಲೆ ಆರಿತು.

ಮೆಟ್ಟು ಹೆಣೆಯುವ ಜಕ್ಕವ್ವೆಯ ಅಕ್ಕ ಆಗಷ್ಟೇ ಬಾಣಂತಿ. ಮಗುವಿಗೆ ಮೂರು ದಿನ. ಜಕ್ಕವ್ವೆ ಅದರ ಪಾದವನ್ನು ಅಂಗೈಲಿ ಹಿಡಿದಳು. ತಣ್ಣಗಿತ್ತು.

"ಇವತ್ತು ಹೊತ್ತು ಮುಳುಗೋದರೊಳಗೆ ಬೆಚ್ಚಗಾಗದಿದ್ರೆ ಕೂಸು ಉಳಿಯಲ್ಲ ಕಣೇ," ಎಂದು ಸೂಲಗಿತ್ತಿ ಕಣ್ಣೊರೆಸಿಕೊಂಡಳು.

ಜಕ್ಕವ್ವೆ ನೆಟ್ಟಗೆ ಅರಮನೆಗೆ ಹೋದಳು. ರಾಜ ಗಿರಿಮಲ್ಲ ತಲೆಮೇಲೆ ಕೈಹೊತ್ತು ಕೂತಿದ್ದ. ಕೆಂಡ ತರಲು ಹೋದ ಸೈನಿಕರು ಸಣ್ಣ ಮೆಟ್ಟು ಕಟ್ಟಿಕೊಂಡು ಹಿಮದಲ್ಲಿ ಹೂತುಹೋಗಿದ್ದರು.

"ಮಹಾಪ್ರಭು, ನಾನು ಹೋಗ್ತೀನಿ. ಆದರೆ ಮೂರು ಅಳತೆಯ ಮೆಟ್ಟೂ ಬೇಕು. ನಿಮ್ಮದೂ ಸೇರಿ."

"ನನ್ನ ಮೆಟ್ಟು ನಿನ್ನ ಕಾಲಿಗೋ!" ರಾಜ ಎದ್ದು ನಿಂತ. "ಅದಕ್ಕೆ ಶಿಕ್ಷೆ ಏನು ಗೊತ್ತಾ?"

"ಗೊತ್ತು, ಕಾಲು ಕಡೀತೀರಿ. ಬಂದ ಮೇಲೆ ಕಡೀರಿ. ಈಗ ಹೋಗೋಕೆ ಕಾಲು ಬೇಕು."

ರಾಜ ತನ್ನ ಮೆಟ್ಟು ಬಿಚ್ಚಿ ಕೊಟ್ಟ, ಮಂತ್ರಿಯದನ್ನೂ ಕೊಡಿಸಿದ.

ಅದೇ ಬೆಳಗ್ಗೆ ಹೊರಟಳು. ಮೊದಲಿಗೆ ಹೊಸ ಹಿಮದ ಕಣಿವೆ, ಹತ್ತಿ ಹಿಂಜಿ ಹಾಸಿದ ಹಾಗೆ. ಅದರಡಿ ಬಿಳಿ ಕರಡಿಯೊಂದು ಮಲಗಿ, ಹೂತ ಕಾಲನ್ನೆಲ್ಲ ಹಿಡಿದುಕೊಳ್ಳುತ್ತಿತ್ತು. ಸೈನಿಕರು ಅಲ್ಲೇ ಕತ್ತು ಹೊರಹಾಕಿಕೊಂಡು ನಿಂತಿದ್ದರು. ಜಕ್ಕವ್ವೆ ಮೊರದಗಲದ ಮೆಟ್ಟು ಕಟ್ಟಿದಳು. ಕಾಲು ಹೂತುಹೋಗಲಿಲ್ಲ. ಕರಡಿ ಗುರ್ ಎಂದು ಸುಮ್ಮನಾಯಿತು.

ಆಮೇಲೆ ಮಾಯೆಯ ಕಾಡು. ಅಲ್ಲಿಯ ಹಿಮ ಕುಸಿದು ಅರೆಗಟ್ಟಿಯಾಗಿತ್ತು. ಅಗಲವಾದ ಮೆಟ್ಟು ಕಂಡರೆ ಮರಗಳು ಬೇರು ಚಾಚಿ ಹಿಡಿಯುತ್ತಿದ್ದವು. ಜಕ್ಕವ್ವೆ ತಟ್ಟೆಯಗಲದ್ದಕ್ಕೆ ಬದಲಾಯಿಸಿದಳು. ಬೇರುಗಳ ನಡುವೆ ನುಸುಳಿದಳು.

ಕೊನೆಗೆ ಕನ್ನಡಿಯಂಥ ಏರು, ಹೆಪ್ಪುಗಟ್ಟಿದ ಹಿಮ. "ಜಾರು, ಜಾರು," ಎಂದು ಅದು ನಗುತ್ತಿತ್ತು. ಜಕ್ಕವ್ವೆ ತನ್ನದೇ ಸಣ್ಣ ಮೆಟ್ಟು ಕಟ್ಟಿದಳು. ಅದರಡಿ ಟಗರಿನ ಕೊಂಬಿನ ಮುಳ್ಳುಗಳಿದ್ದವು. ಕಚಕ್ ಕಚಕ್ ಎಂದು ಏರಿದಳು.

ಶೀತಕೇತು ಗೊರಕೆ ಹೊಡೆಯುತ್ತಿದ್ದ. ಮಡಕೆಯನ್ನು ತಲೆಗೇರಿಸಿಕೊಂಡು ಅವಳು ಅರ್ಧ ಇಳಿದಿದ್ದಳು, ಅವನಿಗೆ ಎಚ್ಚರವಾಯಿತು. ಅವನೂ ಬೆಳ್ನಾಡಿನವನೇ ತಾನೇ! ರಾಜನಿಗಿಂತ ದೊಡ್ಡವನಾಗಬೇಕೆಂದು ಗಾಡಿಯ ಚಕ್ರದಷ್ಟು ಮೆಟ್ಟು ಮಾಡಿಸಿಕೊಂಡಿದ್ದ. ಅದನ್ನೇ ಕಟ್ಟಿಕೊಂಡು ಏರಿಗೆ ಕಾಲಿಟ್ಟ. ಸರ್ರನೆ ಜಾರಿ, ಜಕ್ಕವ್ವೆಯನ್ನು ದಾಟಿ ಹೋಗಿ ಕಾಡಿಗೆ ಬಿದ್ದ. ಮರಗಳೆಲ್ಲ ಬೇರು ಚಾಚಿ ಅವನ ಮೆಟ್ಟನ್ನು ಹಿಡಿದುಕೊಂಡವು.

ಜಕ್ಕವ್ವೆ ತಟ್ಟೆಯಗಲದ ಮೆಟ್ಟಿನಲ್ಲಿ ಕಾಡು ಹೊಕ್ಕಳು. ಮೊಣಕಾಲವರೆಗೆ ಹೂತುಹೋದಳು. ಬಿಸಿಲೇರಿ ಹಿಮ ಸಡಿಲವಾಗಿತ್ತು, ತಲೆಯ ಮೇಲೆ ಮಡಕೆಯ ಭಾರ ಬೇರೆ. ಹೊತ್ತು ಇಳಿಯುತ್ತಿತ್ತು. ಅವಳಿಗೆ ಅಳು ಬಂತು.

ಆಮೇಲೆ ಮೂಗೊರೆಸಿಕೊಂಡು ಯೋಚಿಸಿದಳು. 'ಬರುವಾಗಿನ ಹಿಮ ಇದಲ್ಲ. ನನ್ನ ಭಾರವೂ ಬರುವಾಗಿನದಲ್ಲ. ಹಾಗಾದರೆ ಬರುವಾಗಿನ ಮೆಟ್ಟು ಯಾಕೆ?' ಮೊರದಗಲದ್ದನ್ನು ಕಟ್ಟಿದಳು. ಬೇರುಗಳೋ, ಶೀತಕೇತುವನ್ನು ಹಿಡಿಯುವುದರಲ್ಲೇ ಮುಗಿದುಹೋಗಿದ್ದವು. ಒಂದೂ ಇವಳತ್ತ ಚಾಚಲಿಲ್ಲ.

"ಕೆಂಡ ದೂರ ಹಿಡಿಯೇ ತಾಯಿ!" ಮಾಂತ್ರಿಕ ಕೂಗಿದ. ಅವನ ಮೈ ಹಿಮದ್ದು, ಕದ್ದಾಗಲೂ ಮಡಕೆಯನ್ನು ಉದ್ದ ಕೋಲಿನ ತುದಿಗೆ ಕಟ್ಟಿಯೇ ಒಯ್ದಿದ್ದ.

"ದಾರಿ ಇರೋದು ಇದೊಂದೇ, ಅಣ್ಣಾ. ನೀನೇ ಮೆಟ್ಟು ಬಿಚ್ಚಿಕೊಂಡು ಆಚೆ ಹೋಗು."

ಅಷ್ಟು ದೊಡ್ಡ ಮೆಟ್ಟನ್ನು ಬಿಡಲು ಅವನಿಗೆ ಮನಸ್ಸು ಬರಲಿಲ್ಲ. ಅವಳು ದಾಟುವಷ್ಟರಲ್ಲಿ ಕರಗಿ ಹಳ್ಳವಾಗಿ ಹರಿದ. ಮಾಯೆ ಅಳಿಯಿತು. ಕರಡಿ ಆಕಳಿಸಿ ಸೈನಿಕರನ್ನು ಬಿಟ್ಟುಬಿಟ್ಟಿತು.

ಹೊತ್ತು ಮುಳುಗುವ ಮುಂಚೆ ಅಕ್ಕನ ಒಲೆ ಉರಿಯಿತು. ಅರಮನೆಯದು ಆಮೇಲೆ.

ಮರುದಿನ ರಾಜ ತಾನೇ ಬಂದು ಬಾಗಿಲಲ್ಲಿ ನಿಂತ, ಕಾಲು ಕಡಿಯಲು ಅಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

"ಜಕ್ಕವ್ವಾ, ನನಗೆ ಯಾವ ಅಳತೆ ಸರಿ?"

"ಹೊರಗೆ ಹೋಗಿ ಹಿಮ ತುಳಿದು ಬನ್ನಿ ಮಹಾಪ್ರಭು, ಆಮೇಲೆ ಹೇಳ್ತೀನಿ."

ರಾಜ ಹಿಮ ತುಳಿಯಲು ಹೋದ. ಜಕ್ಕವ್ವೆ ಮಗುವಿನ ಪಾದವನ್ನು ಮತ್ತೆ ಅಂಗೈಲಿ ಹಿಡಿದಳು. ಅದು ಬೆಚ್ಚಗಿತ್ತು. ಒದೆಯುತ್ತಿತ್ತು. ಅದಕ್ಕಿನ್ನೂ ಯಾವ ಅಳತೆಯೂ ಬೇಕಿರಲಿಲ್ಲ.

ಬೆಳ್ನಾಡಿನ ಒಲೆಗಳು ಇವತ್ತಿಗೂ ಉರಿಯುತ್ತಿವೆಯಂತೆ. ನಮ್ಮ ಒಲೆಯ ಮೇಲೆ ಹಾಲಿಟ್ಟಿದೆ, ಉಕ್ಕುವ ಮೊದಲು ಏಳೋಣ.