ಅದಲುಬದಲಾದ ಕ್ಯಾಪು

ಅಫ್ರೀನ್ ಇಂಜಿನ್ನಿನ ಕ್ರ್ಯಾಂಕನ್ನು ಕೈಯಲ್ಲಿ ತಿರುಗಿಸಿದಳು. ತಿರುಗಲಿಲ್ಲ.

"ಸುಫಿಯಾನ್, ಇದು ಹಿಡ್ಕೊಂಡಿದೆ."

"ಸರಿಯಾಗಿ ತಿರುಗ್ಸು ಮಾರಾಯ್ತಿ. ಬೆಳಗ್ಗೆ ತಿಂಡಿ ತಿಂದಿಲ್ವಾ?"

ಅವನು ನಗಿಸಲು ನೋಡಿದ, ಅವಳು ನಗಲಿಲ್ಲ. ಅವಳ ಮುಖದಲ್ಲಿ ನಗು ಕಂಡು ವರ್ಷವಾಗಿತ್ತು.

ಗೋಣಿಬೀಡಿನಲ್ಲಿ ಮನೆಗೆ ಅಂಟಿಕೊಂಡ ಈ ಗ್ಯಾರೇಜು ಅವಳ ಅಬ್ಬಾ ನಜೀರ್ ಕಟ್ಟಿದ್ದು. ಬಾಳೂರಿನ ತಿರುವಿನಲ್ಲಿ ಜೀಪು ಉರುಳಿ ಅವರು ಹೋದಾಗ ಊರಿಗೆ ಊರೇ ಅತ್ತಿತು, ಮಗಳ ಕಣ್ಣು ಮಾತ್ರ ಒದ್ದೆಯಾಗಲಿಲ್ಲ. ಅಂದಿನಿಂದ ಬಿರಿಯಾನಿಯೂ ಒಂದೇ, ಗಂಜಿಯೂ ಒಂದೇ. ಹಾಸನದ ಸಂಬಂಧ ಬಂದಾಗಲೂ ಅಷ್ಟೇ. ಅಮ್ಮಿ ಕರೀಮುನ್ನೀಸಾ ಕೇಳಿದರು, ಇವಳು ಹೂಂ ಅಂದಳು. ಮಾತು ಪಕ್ಕಾ ಮಾಡಲು ಹಾಸನದವರು ಈ ಶುಕ್ರವಾರ ಬರುವವರಿದ್ದರು.

ಸುಫಿಯಾನ್ ತಾನು ಚಾಚಾ ಎನ್ನುತ್ತಿದ್ದ ನಜೀರ್ ಹತ್ತಿರವೇ ಕೆಲಸ ಕಲಿತವನು; ಅವನ ಊಟದ ತಟ್ಟೆ ದಿನಾ ಮನೆಯಿಂದ ಗ್ಯಾರೇಜಿಗೇ ಬರುತ್ತಿತ್ತು. ಜಾವಳಿಯ ಎಸ್ಟೇಟಿನ ಅಜಿತ್ ಅವರ ರ‍್ಯಾಲಿ ಕಾರು ಎಸ್ಟೀಮಿಗೆ ಶಾರ್ಟ್ ಬ್ಲಾಕ್ ಕಟ್ಟುತ್ತಿದ್ದ. ಅಂದರೆ ಕ್ರ್ಯಾಂಕು, ಪಿಸ್ಟನ್ನು ಎಲ್ಲ ಕೂತಿರುವ ಇಂಜಿನ್ನಿನ ಕೆಳಗಿನ ಅರ್ಧ. ರ‍್ಯಾಲಿಯಲ್ಲಿ ಅಜಿತ್ ಪಕ್ಕ ಕೂತು ದಾರಿ ಹೇಳುವವನೂ ಅವನೇ. ಅಬ್ಬಾ ಮಾಡಿಟ್ಟ ಪದ್ಧತಿ ಒಂದಿತ್ತು: ಕಟ್ಟಿದವನೇ ತಿರುಗಿಸಿ ನೋಡಬಾರದು, ಬೇರೆಯವರು ನೋಡಬೇಕು. ಬೇರೆಯವರು ಅಂದರೆ ಯಾವಾಗಲೂ ಅಫ್ರೀನ್.

ಅವಳು ಬಗ್ಗಿ, ಕ್ರ್ಯಾಂಕನ್ನು ಹಿಡಿದಿಡುವ ಬೇರಿಂಗ್ ಕ್ಯಾಪುಗಳನ್ನು ನೋಡಿದಳು. ಒಂದೊಂದಕ್ಕೂ ಅದರದೇ ಜಾಗ, ಅದರದೇ ನಂಬರು. ಇಲ್ಲಿ ಎರಡರ ಜಾಗದಲ್ಲಿ ಮೂರು ಕೂತಿತ್ತು, ಮೂರರ ಜಾಗದಲ್ಲಿ ಎರಡು.

"ಎಂಥದಿದು?"

ಅವನ ಮುಖ ಬಿಳಿಚಿಕೊಂಡಿತು. ಕಣ್ಣು ಕಟ್ಟಿ ಬಿಟ್ಟರೂ ಇಂಜಿನ್ ಕಟ್ಟುವ ಆಸಾಮಿ ಅವನು!

"ಗಮನ ಇರ್ಲಿಲ್ಲ."

"ಮತ್ತೆಲ್ಲಿತ್ತು?"

"ಶುಕ್ರವಾರದ ಮೇಲೆ." ಕೈಯ ಎಣ್ಣೆ ಒರೆಸುತ್ತ, ಅವಳ ಕಡೆ ನೋಡದೆ ಹೇಳಿದ. "ನೀನು ಹೂಂ ಅಂದ್ಯಂತೆ, ಚಾಚಿ ಬೆಳಗ್ಗೆ ಹೇಳಿದ್ರು. ನಂಗೆ ನೀನು ಬೇಕು ಅಫ್ರೀನ್. ಚಾಚಾ ಇರುವಾಗ್ಲೇ ಬೇಕಿತ್ತು. ಕೇಳ್ಲಿಕ್ಕೆ ಧೈರ್ಯ ಬರ್ಲಿಲ್ಲ."

ಇಂಥ ಮಾತಿಗೆ ಯಾವ ಹುಡುಗಿಗಾದರೂ ಎದೆ ಡವಡವ ಅನ್ನಬೇಕು. ಇವಳಿಗೆ ಕಲ್ಲಿನ ಮೇಲೆ ನೀರು ಹೊಯ್ದ ಹಾಗಾಯಿತು.

"ನಂಗೆ ಏನೂ ಅನ್ನಿಸ್ತಿಲ್ಲ ಮಾರಾಯ," ಎಂದಳು. ಪಾಪ, ನಿಜವನ್ನೇ ಹೇಳಿದಳು.

"ಗೊತ್ತು." ಅವನು ಕ್ಯಾಪು ಬಿಚ್ಚಲು ಸ್ಪ್ಯಾನರ್ ಎತ್ತಿಕೊಂಡ. "ಇಲ್ಲೇ ಹಿಡ್ಕೊಂಡಿದ್ದು ಒಳ್ಳೇದಾಯ್ತು ಬಿಡು. ನಿಂಗೆ ಗೊತ್ತಾಗ್ದೆ ಹೋಗಿದ್ರೆ ಘಾಟಿ ಇಳಿವಾಗ ಇಂಜಿನ್ ಜಾಮ್ ಆಗ್ತಿತ್ತು. ನಾನೂ ಚಾಚಾನ ಹಿಂದೇನೇ."

ತಮಾಷೆಗೆ ಅಂದಿದ್ದ. ಅಫ್ರೀನ್ ತಟ್ಟನೆ ಅವನ ಕಡೆ ತಿರುಗಿದಳು.

"ಥೂ, ನಿನ್ನ ಬಾಯಿಗೆ ಬೆಂಕಿ ಹಾಕ! ಒಬ್ರು ಹೋಗಿದ್ದು ಸಾಲ್ದಾ?" ಎಂದು ಕಿರುಚಿ, ಕೈಗೆ ಸಿಕ್ಕ ಎಣ್ಣೆಬಟ್ಟೆಯನ್ನು ಅವನ ಮುಖಕ್ಕೇ ಎಸೆದಳು. ಒರೆಸಿಕೊಳ್ಳುವುದನ್ನೂ ಮರೆತು ಅವನು ಅವಳನ್ನೇ ನೋಡುತ್ತ ನಿಂತ.

ಅವಳು ಸೀದಾ ಅಡುಗೆಮನೆಗೆ ನಡೆದಳು.

"ಅಮ್ಮಿ, ಹಾಸನದವ್ರಿಗೆ ಬರೋದು ಬೇಡ ಅನ್ನು."

"ಅಯ್ಯೋ! ಹೂಂ ಅಂದಿದ್ಯಲ್ಲೇ?"

"ಆಗ ಯಾರಾದ್ರೂ ಒಂದೇ ಆಗಿತ್ತು." ಅವಳು ಅಮ್ಮಿಯ ಕೈ ಹಿಡಿದಳು. "ಪ್ರೀತಿ ಗೀತಿ ನಂಗೊತ್ತಿಲ್ಲ. ಸುಫಿಯಾನ್‌ಗೆ ಏನಾದ್ರೂ ಆದ್ರೆ ಅಂತ ಹೆದ್ರಿಕೆ ಆಗ್ತದೆ ಅಮ್ಮಿ. ಅಬ್ಬಾ ಹೋದ್ಮೇಲೆ ನಂಗೆ ಅನ್ನಿಸಿದ್ದು ಇದೊಂದೇ."

ಕರೀಮುನ್ನೀಸಾ ಮಗಳ ಮುಖವನ್ನೇ ನೋಡಿದರು. ಆಮೇಲೆ ಸ್ಟೌ ಆರಿಸಿ, ಬಾಗಿಲಿಗೆ ಬಂದು ಗ್ಯಾರೇಜಿನ ಕಡೆ ಕೂಗಿದರು:

"ಸುಫಿಯಾನ್! ಇವತ್ತು ತಟ್ಟೆ ಅಲ್ಲಿಗೆ ಕಳ್ಸಲ್ಲ. ಊಟಕ್ಕೆ ಒಳಗೆ ಬಾರೋ."