ಅನ್ನದಾನಮ್ಮನ ಬೆಳ್ಳಿ ಕರಡಿಗೆ

"ಕಳುವಾಯ್ತು! ನನ್ನ ಬೆಳ್ಳಿ ಕರಡಿಗೆ ಕಳುವಾಯ್ತು!"

ಮಡಕಶಿರದ ಪೇಟೆ ಬೀದಿಗೆಲ್ಲ ಕೇಳುವಂತೆ ಮುದುಕಿ ಅನ್ನದಾನಮ್ಮ ಕೂಗಿಕೊಂಡಳು. ಪೂಜೆಯ ಹೊತ್ತಿಗೆ ಲಿಂಗ ಅಂಗೈಯಲ್ಲಿತ್ತು, ಅದನ್ನಿಡುವ ಕರಡಿಗೆ ಮಣೆಯ ಮೇಲಿತ್ತು. ಕಣ್ಣು ತೆರೆದರೆ — ಇಲ್ಲ!

"ಇನ್ಯಾರು? ಇವ್ಳೇ!" ಅಂಗಡಿಯ ಸಣ್ಣಬಸಪ್ಪ, ಮುದುಕಿಯ ಮಗ, ಮನೆಗೆಲಸದ ಚಿತ್ತಮ್ಮನತ್ತ ಬೆರಳು ಮಾಡಿದ.

ಆಗಲೇ ಹುಲುಗಪ್ಪ ಒಳಗೆ ಬಂದದ್ದು. ರಾಯದುರ್ಗದವನು, ಪ್ರೊಬೇಷನ್ ಅಧಿಕಾರಿಯಾಗಲು ತರಬೇತಿಯಲ್ಲಿದ್ದ. ವರ್ಷದ ಹಿಂದೆ ಸಂತೆಯಲ್ಲಿ ಸೀರೆ ಕದ್ದ ಚಿತ್ತಮ್ಮನನ್ನು ಕೋರ್ಟು ಜೈಲಿಗೆ ಕಳಿಸದೆ, ಒಂದು ವರ್ಷ ತಪ್ಪು ಮಾಡೆನೆಂಬ ಮುಚ್ಚಳಿಕೆ ಬರೆಸಿಕೊಂಡು ಈ ಮನೆಯಲ್ಲಿರಿಸಿತ್ತು. ಅವಳ ಮೇಲ್ವಿಚಾರಣೆ ಇವನದು. ನಾಳೆಗೆ ವರ್ಷ ಮುಗಿಯುತ್ತದೆ. ಅವಳ ಊರಾದ ರೊಳ್ಳದಲ್ಲಿ ಮಗಳು ಕಾಯುತ್ತಿದ್ದಾಳೆ. ಈಗ ಕದ್ದಳೆಂದಾದರೆ ನೇರ ಜೈಲು!

"ಪೊಲೀಸ್ ಕರೀತೀನಿ ಸ್ವಾಮಿ!" ಎಂದ ಸಣ್ಣಬಸಪ್ಪ.

"ಸ್ವಲ್ಪ ತಡೀರಿ. ಚಿತ್ತಮ್ಮ, ನೀ ಎಲ್ಲಿದ್ದಿ?"

"ಹಿತ್ತಲಾಗೆ ಪಾತ್ರೆ ತಿಕ್ತಿದ್ದೆ ಸ್ವಾಮಿ. ನಾಳೆ ಮಗು ಮುಖ ನೋಡೋಳು, ಇವತ್ತು ಕದೀತೀನಾ?"

ಹುಲುಗಪ್ಪ ಮುದುಕಿಯತ್ತ ತಿರುಗಿದ. "ಅಮ್ಮಾರ, ಈಗ ಲಿಂಗ ಎಲ್ಲೈತ್ರಿ?"

ಅವಳು ಕೊರಳು ಮುಟ್ಟಿಕೊಂಡಳು. ಕಾವಿ ಬಟ್ಟೆಯ ಪುಟ್ಟ ಚೀಲ. ಒತ್ತೊತ್ತಾದ ಹೊಸ ಹೊಲಿಗೆ.

"ಚಂದ ಹೊಲ್ದೀರಿ. ಸೂಜಿಗೆ ದಾರ ಯಾರು ಪೋಣಿಸಿದ್ರು?"

ಮುದುಕಿ ಸೆರಗಿನಿಂದ ಚೀಲ ಮುಚ್ಚಿಕೊಂಡಳು. ಚಿತ್ತಮ್ಮನೇ ಹೇಳಿದಳು: "ನಾನೇ. ಅವ್ವಂಗೆ ಕಣ್ಣು ಕಾಣಾಕಿಲ್ಲ. ನಿನ್ನೆ ಸಂಜೆ ಪೋಣಿಸಿಕೊಟ್ಟೆ."

"ಇವತ್ತು?"

"ಇವತ್ತು ಕೇಳೇ ಇಲ್ಲ."

ಹುಲುಗಪ್ಪನಿಗೆ ನಗು ಬಂತು. "ಕರಡಿಗಿ ಹೋದದ್ದು ಇವತ್ತು ಮುಂಜಾನೆ. ಅದರ ಬದಲಿಗೆ ಚೀಲ ಹೊಲಿದದ್ದು ನಿನ್ನೆ! ಹೋಗ್ತೈತಂತ ನಿನ್ನೇನೇ ಗೊತ್ತಿದ್ದವರು ಯಾರು? ಲಿಂಗಕ್ಕ ಒಂದು ಗಳಿಗೀನೂ ಆಸರ ತಪ್ಪಬಾರದಂತ ಮೊದಲೇ ಹೊಲ್ಕೊಂಡವರು ನೀವು. ಕಳ್ಳರೂ ನೀವ, ಅಮ್ಮಾರ!"

"ಅವ್ವಾ?" ಎಂದ ಸಣ್ಣಬಸಪ್ಪ.

ಮುದುಕಿ ಅಳುತ್ತಲೇ ರಾಗಿ ಗಡಿಗೆಗೆ ಕೈ ಹಾಕಿ ಕರಡಿಗೆ ಹೊರತೆಗೆದು ಹುಲುಗಪ್ಪನತ್ತ ತಿರುಗಿದಳು. "ಹೋದ ತಿಂಗ್ಳು ನೀನೇ ಹೇಳಿದ್ಯಲ್ಲಪ್ಪ? ಗಡುವಿನಾಗೆ ತಪ್ಪು ಮಾಡಿದ್ರೆ ಮುಚ್ಚಳಿಕೆ ಮುಂದುವರೀತದೆ ಅಂತ. ಇನ್ನೊಂದು ವರ್ಷ ಇವ್ಳು ನನ್ನ ತಾವೇ ಇರ್ತಾಳೆ ಅಂದ್ಕೊಂಡೆ ಕಣಪ್ಪ."

ಹುಲುಗಪ್ಪನಿಗೆ ನಾಚಿಕೆಯಾಯಿತು. ಹೌದು, ಓದಿದ ಕಾನೂನನ್ನು ಜಂಬದಿಂದ ಒಪ್ಪಿಸಿದ್ದ, ಅರ್ಧ ಮಾತ್ರ. "ಜೈಲಿಗೂ ಕಳಿಸ್ತಾರ್ರಿ ಅಮ್ಮಾರ. ಅದನ್ನ ನಾ ಹೇಳಲಿಲ್ಲ. ನನ್ನದೂ ತಪ್ಪೈತಿ."

"ಜೈಲಾ? ಅಯ್ಯೋ, ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ!" ಅನ್ನದಾನಮ್ಮ ಚಿತ್ತಮ್ಮನ ಕೈ ಹಿಡಿದುಕೊಂಡಳು. ಆಮೇಲೆ ಕಣ್ಣೊರೆಸಿಕೊಂಡು ಹುಲುಗಪ್ಪನನ್ನೇ ನೋಡಿದಳು. "ಹಂಗಾರೆ ಕದ್ದೋಳು ನಾನು. ನಂಗೂ ಒಂದು ವರ್ಷ ಮುಚ್ಚಳಿಕೆ ಬರೆಸ್ಕೊ. ರೊಳ್ಳದಾಗೆ, ಇವ್ಳ ಮನೇಲಿ."

ಚಿತ್ತಮ್ಮ ಅಳುವಿನ ನಡುವೆಯೇ ನಕ್ಕಳು.

"ಮುಚ್ಚಳಿಕೆ ಯಾಕವ್ವ? ಸುಮ್ನೆ ಬಾ."